ಉಚಿತವಾದದ್ದು ಯಾವುದು?

ಪಾಠ ಹೇಳುವವನ ಕಸುಬಿನಲ್ಲಿ ಒಂದು ಅಪಾಯವಿದೆ. ಅವನು ಆಡಿದ ಮಾತು ಎದುರಿಗಿದ್ದವರ ಕಿವಿಯನ್ನು ಸೇರಿ ಅಲ್ಲಿಯೇ ನಿಲ್ಲುತ್ತದೆಂದು ಹೇಳುವಂತಿಲ್ಲ. ಎಷ್ಟೋ ವೇಳೆ ಅದು ಗೋಡೆಗೆ ಎಸೆದ ಚೆಂಡಿನಂತೆ ಹಿಂತಿರುಗಿ ಬಂದು ಆಡಿದವನ ಹಣೆಗೇ ಬಡಿಯುತ್ತದೆ. ಇಪ್ಪತ್ತು ವರ್ಷಕ್ಕೂ ಮೀರಿ ಕನ್ನಡ ಪಾಠ ಹೇಳಿದ ಮೇಲೆ ಹಣೆ ಸಾಕಷ್ಟು ಗಟ್ಟಿಯಾಗಿರಬೇಕೆಂದು ನಾನು ತಿಳಿದಿದ್ದೆ. ಹಾಗಾಗಿರಲಿಲ್ಲವೆಂಬುದು 2025ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಒಂದು ದಿನ ಗೊತ್ತಾಯಿತು.

ಅಂದು ಬಿ.ಎ. ಕೊನೆಯ ವರ್ಷದವರಿಗೆ ಪ್ರಬಂಧ ಬರೆಯುವ ಕ್ರಮವನ್ನು ಹೇಳುತ್ತಿದ್ದೆ. ಹಿಂದಿನ ವಾರ ಅವರು ಒಪ್ಪಿಸಿದ್ದ ಬರಹಗಳಲ್ಲಿ ಮೂರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದುವು. ಒಂದರಲ್ಲಿದ್ದ ಕಾಗುಣಿತದ ತಪ್ಪು ಮೂರರಲ್ಲಿಯೂ ಇತ್ತು. ನನಗೆ ಕೋಪ ಬಂದಿತ್ತು. ಇನ್ನೊಬ್ಬರ ಬರಹವನ್ನು ಅವರನ್ನು ಕೇಳದೆ ತೆಗೆದುಕೊಂಡು ಬಳಸುವುದು ಕಳ್ಳತನವೇ ಸರಿ, ಅದಕ್ಕೆ ಬೇರೆ ಹೆಸರಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ನನ್ನ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿದ್ದೆ. ಗೋಡೆಯ ಮೇಲೆ 'ಕೃತಿಚೌರ್ಯ' ಎಂಬ ಶೀರ್ಷಿಕೆ ದಪ್ಪ ಅಕ್ಷರಗಳಲ್ಲಿ ಬೆಳಗುತ್ತಿತ್ತು. ಅದೇ ಗೋಡೆಯ ಮೇಲೆ, ಕೆಳಗೆ ಬಲಗಡೆಯ ಮೂಲೆಯಲ್ಲಿ, ಮಸುಕಾದ ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಂದು ಸಾಲು ನಿಂತಿತ್ತು: 'ಆಕ್ಟಿವೇಟ್ ವಿಂಡೋಸ್.'

ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಆ ಮೂಲೇಲಿ ಏನೋ ಬರ್ತಿದೆಯಲ್ಲ, ಅದೇನು ಸರ್?" ಎಂದು ಕೇಳಿದ. ಅವನ ದನಿಯಲ್ಲಿ ಕುಚೋದ್ಯವಿತ್ತೋ ಇಲ್ಲವೋ ನಾನು ಹೇಳಲಾರೆ. ಅವನು ಆ ಮೂವರಲ್ಲಿ ಒಬ್ಬ ಎಂಬುದು ಮಾತ್ರ ನಿಜ. "ಅದು ಕಂಪ್ಯೂಟರಿನದ್ದೇನೋ, ಕೂತ್ಕೊಳ್ಳಪ್ಪ" ಎಂದು ಹೇಳಿ ಮುಂದಕ್ಕೆ ಹೋದೆ. ಹಿಂದಿನ ಸಾಲಿನಲ್ಲಿ ಇಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅಷ್ಟೇ. ಆದರೆ ಉಳಿದ ಅರ್ಧ ಗಂಟೆ ನಾನು ಏನು ಪಾಠ ಹೇಳಿದೆನೋ ನನಗೆ ನೆನಪಿಲ್ಲ.

ಆ ಸಾಲಿನ ಅರ್ಥ ವಾಚಕರಲ್ಲಿ ಅನೇಕರಿಗೆ ಗೊತ್ತಿರಬಹುದು, ಗೊತ್ತಿಲ್ಲದವರು ಪುಣ್ಯವಂತರು. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಹಣ ತೆತ್ತು ಪರವಾನಗಿ ಪಡೆಯದೆ ಇರುವವನಿಗೆ ಯಂತ್ರವೇ ಮೂಲೆಯಲ್ಲಿ ನಿಂತು ಹೇಳುವ ಬುದ್ಧಿವಾದ ಅದು. ನಾನು ಆ ಲ್ಯಾಪ್‌ಟಾಪನ್ನು 2016ರಲ್ಲಿ ಕೊಂಡೆ. ಕೆಲವು ಸಾವಿರ ರೂಪಾಯಿ ಉಳಿಯುತ್ತದೆಂದು ತಂತ್ರಾಂಶವಿಲ್ಲದ ಬರಿಯ ಯಂತ್ರವನ್ನೇ ಕೊಂಡೆ. "ಐನೂರು ರೂಪಾಯಿ ಕೊಡಿ ಸರ್, ಎಲ್ಲಾ ಹಾಕಿಕೊಡ್ತೀನಿ" ಎಂದ ಒಬ್ಬಾತ. ಅವನು ಎಲ್ಲವನ್ನೂ ಹಾಕಿಕೊಟ್ಟ. ಅದಕ್ಕೆ ಹಿಂದಿನ ಎರಡು ಕಂಪ್ಯೂಟರುಗಳ ಕಥೆಯೂ ಇದೇ. ನಾನು ಕೊಟ್ಟ ಐನೂರು ರೂಪಾಯಿ ತಂತ್ರಾಂಶವನ್ನು ಬರೆದವರಿಗೆ ಹೋಗಲಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದುದನ್ನು ಗೊತ್ತಿಲ್ಲದಂತೆ ಇಟ್ಟುಕೊಳ್ಳುವ ಕಲೆ ಮಧ್ಯಮವರ್ಗದ ನಮಗೆ ಚೆನ್ನಾಗಿ ಸಿದ್ಧಿಸಿದೆ.

ಅಂದು ಸಂಜೆ ಆಲ್ಕೊಳದ ನಮ್ಮ ಮನೆಗೆ ಬಂದವನು ಕಾಫಿಯನ್ನೂ ಕುಡಿಯದೆ ಒಂದು ವಿಷಯವನ್ನು ಹುಡುಕಿ ನೋಡಿದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆ 'ಸಾಹಿತ್ಯಕೃತಿ' ಎಂಬ ಮಾತಿಗೆ ಅರ್ಥ ಹೇಳುವಲ್ಲಿ ಕಂಪ್ಯೂಟರ್ ಪ್ರೋಗ್ರಾಮುಗಳನ್ನೂ ಸೇರಿಸಿದೆ. ಎಂದರೆ ಕಾನೂನಿನ ಕಣ್ಣಿಗೆ ಮಹಾಕಾವ್ಯವೂ ಸಾಹಿತ್ಯ, ನನ್ನ ಯಂತ್ರದೊಳಗಣ ಅಪ್ಪಣೆಗಳ ಸರಣಿಯೂ ಸಾಹಿತ್ಯ! ಸಾಹಿತ್ಯದ ಅಧ್ಯಾಪಕನೊಬ್ಬನಿಗೆ ಇದಕ್ಕಿಂತ ನೇರವಾದ ಏಟು ಬೇರೆ ಬೇಕಿಲ್ಲ. ಆ ಮೂವರು ಹುಡುಗರೂ ನಾನೂ ಬೇರೆಬೇರೆ ತಪ್ಪು ಮಾಡಿದವರಲ್ಲ. ಒಂದೇ ತಪ್ಪನ್ನು ಬೇರೆಬೇರೆ ಅಳತೆಯಲ್ಲಿ ಮಾಡಿದವರು.

ನಮ್ಮ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿಂದ ಒಂದು ಮೊಳೆಯನ್ನೂ ಮನೆಗೆ ತಂದವರಲ್ಲ. ನಾನು ಚಿಕ್ಕವನಾಗಿದ್ದಾಗ ಆಟವಾಡುತ್ತ ಎಲ್ಲಿಂದಲೋ ಒಂದು ಕಬ್ಬಿಣದ ಬಳೆಯನ್ನು ತಂದಿದ್ದೆ. ಅದನ್ನು ಕೈಗೆ ತೆಗೆದುಕೊಂಡು ಅವರು ಕೇಳಿದ್ದು ಒಂದೇ ಮಾತು: "ಇದು ಯಾರದ್ದಪ್ಪಾ?" ಬೈಯಲಿಲ್ಲ, ಹೊಡೆಯಲಿಲ್ಲ. ನಾನು ಉತ್ತರ ಹೇಳಲಾರದೆ ಅದನ್ನು ಎಲ್ಲಿಂದ ತಂದೆನೋ ಅಲ್ಲಿಗೇ ಒಯ್ದು ಇಟ್ಟು ಬಂದೆ. ಆ ಪ್ರಶ್ನೆಯನ್ನು ಅವರು ನನ್ನ ಲ್ಯಾಪ್‌ಟಾಪನ್ನು ನೋಡಿ ಕೇಳಲಿಲ್ಲ. ಕೇಳುವುದಕ್ಕೆ ಈಗ ಅವರಿಲ್ಲ. ಆದರೆ ಹುಡುಗನ "ಅದೇನು ಸರ್?" ಎಂಬ ಮಾತಿನ ಹಿಂದೆ ನನಗೆ ಕೇಳಿಸಿದ್ದು ಅವರ ದನಿ.

ನೆಪಗಳಿಗೇನೂ ಕೊರತೆಯಿರಲಿಲ್ಲ. ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂಬುದು ಮೊದಲನೆಯದು. ಆ ಹುಡುಗರ ನೆಪವೂ ಇದೇ. ಎದುರಿನ ಕಂಪನಿ ಬಹಳ ಶ್ರೀಮಂತ, ನನ್ನ ಕೆಲವು ಸಾವಿರದಿಂದ ಅದಕ್ಕೆ ಏನಾಗಬೇಕು ಎಂಬುದು ಎರಡನೆಯದು. ಕಳ್ಳತನ ತಪ್ಪೋ ಅಲ್ಲವೋ ಎಂಬುದನ್ನು ಒಡೆಯನ ಪೆಟ್ಟಿಗೆಯ ಭಾರದಿಂದ ಅಳೆಯುವುದಾದರೆ ಕಾರ್ಖಾನೆಯ ಮೊಳೆಯನ್ನು ಯಾರೂ ಬಿಡಬೇಕಾಗಿರಲಿಲ್ಲ. ನಾನು ಇದನ್ನು ಬಳಸಿದ್ದು ಪಾಠಕ್ಕಾಗಿ, ವಿದ್ಯೆಗಾಗಿ ಎಂಬುದು ಮೂರನೆಯದು. ಇದು ಎಲ್ಲಕ್ಕಿಂತ ಕೆಟ್ಟ ನೆಪ. ವಿದ್ಯೆಯ ಹೆಸರಿನಲ್ಲಿ ಮಾಡಿದ ತಪ್ಪು ವಿದ್ಯಾರ್ಥಿಗೆ ಪಾಠವಾಗಿಬಿಡುತ್ತದೆ.

ಸರಿ, ಏನು ಮಾಡುವುದು? ಹಣ ಕೊಟ್ಟು ಪರವಾನಗಿ ಕೊಳ್ಳುವುದು ಒಂದು ದಾರಿ. ಅದು ನೇರವಾದ, ಮರ್ಯಾದೆಯ ದಾರಿ. ಅದನ್ನು ಹಿಡಿದವರ ಬಗ್ಗೆ ನನಗೆ ಗೌರವವಿದೆ. ಆದರೆ ನನ್ನ ಯಂತ್ರ ಮುದಿಯಾಗಿತ್ತು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಅದರ ಮುಂದಿನ ಆವೃತ್ತಿ ಕೇಳುವ ಭದ್ರತೆಯ ಚಿಪ್ಪೂ ಹೊಸ ಪ್ರೊಸೆಸರೂ ಇದರಲ್ಲಿರಲಿಲ್ಲ. ಪರವಾನಗಿಯ ಜೊತೆಗೆ ಹೊಸ ಯಂತ್ರವನ್ನೂ ಕೊಳ್ಳಬೇಕು. ಹಳೆಯದೇನೂ ಕೆಟ್ಟಿರಲಿಲ್ಲ. ದುಡಿಯುವ ಎತ್ತನ್ನು ಕೊಂಬು ಹಳೆಯದೆಂದು ಮಾರುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಆಗ ನೆನಪಾದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ನಮ್ಮ ಮನೆಯಿಂದ ಎರಡು ಬೀದಿಯಾಚೆ ಇದ್ದಾಳೆ. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಆಲ್ಕೊಳದ ಮನೆಯಲ್ಲಿ ಕುಳಿತೇ ಮಾಡುತ್ತಾಳೆ. ನನ್ನ ಸಂಕಟವನ್ನು ಕೇಳಿ ಅವಳು ನಗಲಿಲ್ಲ. "ಲಿನಕ್ಸ್ ಹಾಕಿಕೊಳ್ಳಿ ಸರ್. ಕದಿಯೋದೂ ಬೇಡ, ಕೊಳ್ಳೋದೂ ಬೇಡ. ಆದರೆ ಯಾವುದು ಬೇಕು ಅಂತ ನೀವೇ ಯೋಚನೆ ಮಾಡಿ ಹೇಳಿ" ಎಂದಳು. ನನ್ನ ಕಷ್ಟ ಮುಗಿಯಿತೆಂದುಕೊಂಡೆ. ನಿಜವಾಗಿ ಅದು ಶುರುವಾದದ್ದು ಆಗಲೇ.

ಈ ಲಿನಕ್ಸಿನ ಕಥೆಯನ್ನು ನಾನು ತಿಳಿದಷ್ಟು ಹೇಳುತ್ತೇನೆ. ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೆರಿಕದ ಪ್ರೋಗ್ರಾಮರ್ 1983ರಲ್ಲಿ, ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಸಂಪೂರ್ಣ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿದರು. ಅದಕ್ಕೆ ಗ್ನೂ ಎಂದು ಹೆಸರಿಟ್ಟರು. ವ್ಯವಸ್ಥೆಯ ಅಂಗಾಂಗಗಳು ಬಹುಮಟ್ಟಿಗೆ ಸಿದ್ಧವಾದುವು. ಕರ್ನಲ್ ಎಂಬ ತಿರುಳು ಮಾತ್ರ ಕೂಡಿಬಂದಿರಲಿಲ್ಲ. ಅದನ್ನು 1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ. 1992ರಲ್ಲಿ ಅದನ್ನು ಗ್ನೂವಿನ ಪರವಾನಗಿಯಡಿಯಲ್ಲಿಯೇ ಲೋಕಕ್ಕೆ ಬಿಟ್ಟ. ಆ ಪರವಾನಗಿಯ ಸಾರ ಇಷ್ಟು: ನಿನಗೆ ದೊರೆತುದನ್ನು ನೀನು ಹೇಗೆ ಬೇಕಾದರೂ ಬಳಸು, ತಿದ್ದು, ಹಂಚು, ಆದರೆ ಹಂಚುವಾಗ ನಿನಗೆ ದೊರೆತ ಸ್ವಾತಂತ್ರ್ಯವನ್ನೇ ಪಡೆಯುವವನಿಗೂ ಕೊಡು.

ತಿರುಳು ಒಂದೇ. ಆದರೆ ತಿರುಳನ್ನಷ್ಟೇ ಇಟ್ಟುಕೊಂಡು ಯಾರೂ ಕೆಲಸ ಮಾಡಲಾರರು. ಗಿರಣಿಯಿಂದ ಬಂದ ಅಕ್ಕಿ ಒಂದೇ ಆದರೂ ಅದು ಒಂದು ಮನೆಯಲ್ಲಿ ಕಡುಬಾಗುತ್ತದೆ, ಇನ್ನೊಂದು ಮನೆಯಲ್ಲಿ ಅಕ್ಕಿರೊಟ್ಟಿಯಾಗುತ್ತದೆ. ಹಾಗೆಯೇ ಈ ತಿರುಳಿಗೆ ಬೇರೆಬೇರೆ ಸಾಮಗ್ರಿಗಳನ್ನು ಕೂಡಿಸಿ ಬಳಸಲು ಸಿದ್ಧಮಾಡಿ ಕೊಡುವವರು ಹುಟ್ಟಿಕೊಂಡರು. ಅವರು ಕೊಡುವ ಇಡಿಯ ಕಟ್ಟಿಗೆ ಇಂಗ್ಲಿಷಿನಲ್ಲಿ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ಹುಡುಗರು ಮೊಟಕುಮಾಡಿ ಡಿಸ್ಟ್ರೋ ಎನ್ನುತ್ತಾರೆ. ನಾನು ಕನ್ನಡದ ಮೇಷ್ಟರಾದ್ದರಿಂದ 'ಹಂಚಿಕೆ' ಎಂದು ಕರೆದುಕೊಂಡೆ. 1993ರಲ್ಲಿ ಸ್ಲ್ಯಾಕ್‌ವೇರ್, ಅದೇ ವರ್ಷ ಡೆಬಿಯನ್, 2003ರಲ್ಲಿ ಫೆಡೋರಾ, 2004ರಲ್ಲಿ ಉಬುಂಟು, 2006ರಲ್ಲಿ ಮಿಂಟ್ — ಹೀಗೆ ಬೆಳೆದು ಇಂದು ಹಂಚಿಕೆಗಳ ಸಂಖ್ಯೆ ನೂರುಗಳಲ್ಲಿದೆ. ಒಂದನ್ನೂ ಕಂಡರಿಯದವನು ಇಷ್ಟರಲ್ಲಿ ಒಂದನ್ನು ಆರಿಸಬೇಕು!

ಇದೇ ನನ್ನನ್ನು ಕಾಡಿದ ಪ್ರಶ್ನೆ. ಚೆನ್ನಾಗಿ ಆರಿಸಬೇಕಾದರೆ ತಿಳಿವಳಿಕೆ ಬೇಕು. ತಿಳಿವಳಿಕೆ ಬರುವುದು ಬಳಸಿದ ಮೇಲೆ. ಬಳಸಬೇಕಾದರೆ ಮೊದಲು ಆರಿಸಬೇಕು. ಈ ಸುತ್ತು ಲಿನಕ್ಸಿಗೆ ಮಾತ್ರ ಸೇರಿದ್ದಲ್ಲ. ಬಾಳಿನ ದೊಡ್ಡ ಆಯ್ಕೆಗಳೆಲ್ಲ ಹೀಗೆಯೇ ಇವೆ. ಓದುವ ವಿಷಯವನ್ನು ಓದುವ ಮೊದಲೇ ಆರಿಸುತ್ತೇವೆ. ಬಾಳ ಸಂಗಾತಿಯನ್ನು ಬಾಳುವ ಮೊದಲೇ ಆರಿಸುತ್ತೇವೆ. ಗುರುವನ್ನಂತೂ ಅವನ ಯೋಗ್ಯತೆಯನ್ನು ಅಳೆಯುವ ಶಕ್ತಿ ನಮಗಿಲ್ಲದಿರುವಾಗಲೇ ಆರಿಸುತ್ತೇವೆ. ಅಳೆಯುವ ಶಕ್ತಿ ಇದ್ದಿದ್ದರೆ ಗುರುವೇ ಬೇಕಿರಲಿಲ್ಲ.

ತಿಳಿಯದವನು ತಿಳಿದವರನ್ನು ಕೇಳಬೇಕಷ್ಟೆ. ಕೇಳಿದೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ, "ಮಾವ, ಆರ್ಚ್ ಹಾಕ್ಕೊಳ್ಳಿ. ಒಂದೊಂದೇ ತುಂಡನ್ನು ನೀವೇ ಜೋಡಿಸಬೇಕು. ಆಗಲೇ ನಿಜವಾಗಿ ಕಲಿಯೋದು" ಎಂದ. ಕಾಲೇಜಿನ ಗಣಿತದ ಅಧ್ಯಾಪಕರು, "ಕಂಪನಿಯ ಹಂಗಿಲ್ಲದೆ ಸ್ವಯಂಸೇವಕರೇ ನಡೆಸುವುದು ಡೆಬಿಯನ್. ತತ್ತ್ವ ಬೇಕಾದರೆ ಅದನ್ನು ಹಿಡಿಯಿರಿ" ಎಂದರು. ಹಳೆಯ ಸ್ನೇಹಿತರೊಬ್ಬರು, "ಹತ್ತು ಜನ ಬಳಸುವುದನ್ನೇ ಬಳಸಿ ಮೇಷ್ಟರೆ, ಉಬುಂಟು ಸಾಕು" ಎಂದರು. ಮಾತುಮಾತಿಗೂ ಸ್ವದೇಶಿ ಎನ್ನುವ ನೆರೆಮನೆಯ ನಿವೃತ್ತ ಅಧಿಕಾರಿಗಳು, "ನಮ್ಮ ಸರ್ಕಾರದ ಸಿ-ಡ್ಯಾಕ್‌ನವರೇ 2007ರಲ್ಲಿ ಬಾಸ್ ಲಿನಕ್ಸ್ ಅಂತ ತಂದಿದ್ದಾರೆ. ಹೊರಗಿನದು ಏಕೆ?" ಎಂದರು. ಅದು ಡೆಬಿಯನ್ನಿನ ಬುನಾದಿಯ ಮೇಲೆಯೇ ನಿಂತಿದೆ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ. ಇಂಥ ವಿದ್ಯೆಯಲ್ಲಿ ಒಳಗು ಹೊರಗುಗಳ ಗೋಡೆ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಈ ನಾಲ್ವರ ಮಾತನ್ನು ಎದುರಿಗಿಟ್ಟುಕೊಂಡು ನೋಡಿದಾಗ ನನಗೊಂದು ಹೊಳೆಯಿತು. ಅವರು ಹೇಳಿದ್ದು ನಾಲ್ಕು ತಂತ್ರಾಂಶಗಳನ್ನಲ್ಲ, ನಾಲ್ಕು ಬಗೆಯ ಒಳಿತನ್ನು. ಅಳಿಯನಿಗೆ ಜ್ಞಾನ ದೊಡ್ಡದು. ಗಣಿತದವರಿಗೆ ಶುದ್ಧಿ ದೊಡ್ಡದು. ಸ್ನೇಹಿತರಿಗೆ ಬಳಕೆ ದೊಡ್ಡದು. ನೆರೆಯವರಿಗೆ ನಾಡು ದೊಡ್ಡದು. ಒಬ್ಬೊಬ್ಬರೂ ತಮ್ಮ ಬಾಳಿನಲ್ಲಿ ಮೊದಲಿನಿಂದಲೂ ಹಿಡಿದು ಬಂದದ್ದನ್ನೇ ನನಗೂ ಹಿಡಿಯುವಂತೆ ಹೇಳಿದ್ದರು. ಯಾವುದೂ ಸುಳ್ಳಲ್ಲ. ಆದರೆ ಅವರಲ್ಲಿ ಯಾರೂ ನಾನು ಯಾರು, ನನ್ನ ಯಂತ್ರ ಎಂಥದು, ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ನನಗೆ ಏನು ಕೆಲಸವಿದೆ ಎಂದು ಕೇಳಿರಲಿಲ್ಲ.

ಇಲ್ಲಿ ನನ್ನ ಕಸುಬು ನನಗೆ ಸಹಾಯಕ್ಕೆ ಬಂದಿತು. ಪ್ರತಿ ವರ್ಷವೂ ಯಾರಾದರೂ ಒಬ್ಬ ಹುಡುಗನೋ ಹುಡುಗಿಯೋ ಬಂದು, "ಸರ್, ಕನ್ನಡದಲ್ಲಿ ಮೊದಲು ಏನು ಓದಲಿ?" ಎಂದು ಕೇಳುತ್ತಾರೆ. ನಾನು ಪಂಪನನ್ನು ಕೊಡುವುದಿಲ್ಲ. ಪಂಪ ಕಡಮೆಯವನೆಂದಲ್ಲ; ಮೊದಲನೆಯ ದಿನವೇ ಹಳಗನ್ನಡದ ಬೆಟ್ಟವನ್ನು ಹತ್ತಿಸಿದರೆ ಎರಡನೆಯ ದಿನ ಅವರು ಬರುವುದಿಲ್ಲ. ಕೇಳಿದವರ ಊರು, ಓದಿನ ವೇಗ, ಮನಸ್ಸಿನ ಒಲವು ಇವನ್ನು ವಿಚಾರಿಸಿ ಒಂದು ಚಿಕ್ಕ ಕಾದಂಬರಿಯನ್ನು ಕೊಡುತ್ತೇನೆ. ಮೊದಲ ಪುಸ್ತಕದ ಕೆಲಸ ಎರಡನೆಯ ಪುಸ್ತಕಕ್ಕೆ ದಾರಿ ಮಾಡಿಕೊಡುವುದು, ಅಷ್ಟೆ. ಇದು ಇಪ್ಪತ್ತು ವರ್ಷ ನನಗೆ ಗೊತ್ತಿದ್ದ ವಿಷಯ. ವಿದ್ಯಾರ್ಥಿಯ ಸ್ಥಾನದಲ್ಲಿ ನಾನೇ ಕುಳಿತಾಗ ಮರೆತುಹೋಗಿತ್ತು.

ನಮ್ಮ ಭಾಷೆಯಲ್ಲಿಯೇ ಇದಕ್ಕೊಂದು ಮಾತಿದೆ. 'ಉಚಿತ' ಎಂದರೆ ಈಗ ನಾವು ಹಣ ಕೊಡಬೇಕಾಗಿಲ್ಲದ್ದು ಎಂದು ತಿಳಿಯುತ್ತೇವೆ. ಉಚಿತ ಬಸ್ಸು, ಉಚಿತ ಅಕ್ಕಿ ಎನ್ನುತ್ತೇವೆ. ಆದರೆ ಸಂಸ್ಕೃತದಲ್ಲಿ ಆ ಮಾತಿನ ಅರ್ಥ ತಕ್ಕದ್ದು, ಹೊಂದುವಂಥದು ಎಂದು. ಅದರಿಂದಲೇ ಔಚಿತ್ಯ ಎಂಬ ಮಾತು ಬಂದಿತು. ಕಾವ್ಯದ ಜೀವವೇ ಔಚಿತ್ಯವೆಂದು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ವಾದಿಸಿದ. ನಾನು ಉಚಿತವಾದ ತಂತ್ರಾಂಶವನ್ನು ಹುಡುಕುತ್ತಿದ್ದೆ. ಆದರೆ ಮಾತಿನ ಎರಡನೆಯ ಅರ್ಥದಲ್ಲಿ ಮಾತ್ರ. ಮೊದಲನೆಯ ಅರ್ಥದಲ್ಲಿ ಹುಡುಕಿದ್ದರೆ ಇಷ್ಟು ತೊಳಲಬೇಕಾಗಿರಲಿಲ್ಲ. ಮದುವೆಮನೆಯ ಹಂಡೆ ಎಷ್ಟು ದೊಡ್ಡದಾದರೇನು, ಇಬ್ಬರ ಸಂಸಾರಕ್ಕೆ ಅದರಲ್ಲಿ ಅನ್ನ ಬೇಯಿಸಲಾಗುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂಬುದು ಪಂಡಿತರ ಪ್ರಶ್ನೆ. ನನಗೆ ತಕ್ಕದ್ದು ಯಾವುದು ಎಂಬುದೇ ಮೊದಲ ಹೆಜ್ಜೆಯಿಡುವವನ ಪ್ರಶ್ನೆ.

ಹಾಗಾದರೆ ತತ್ತ್ವವನ್ನು ಗಾಳಿಗೆ ತೂರಬೇಕೆ? ತಕ್ಕದ್ದು ಎಂಬ ಮಾತಿನ ಮರೆಯಲ್ಲಿ ಯಾವ ರಾಜಿಯನ್ನಾದರೂ ಮಾಡಿಕೊಳ್ಳಬಹುದಲ್ಲ? ಗಣಿತದ ಸ್ನೇಹಿತರು ಈ ಆಕ್ಷೇಪಣೆಯನ್ನೇ ಎತ್ತಿದರು. ಅದಕ್ಕೆ ಉತ್ತರ ದೊರೆತದ್ದು ಅವರ ಡೆಬಿಯನ್ನಿನಿಂದಲೇ. 1997ರಲ್ಲಿ ಆ ಬಳಗದವರು ಒಂದು ಸಾಮಾಜಿಕ ಒಪ್ಪಂದವನ್ನು ಬರೆದುಕೊಂಡರು; ತಮ್ಮ ವ್ಯವಸ್ಥೆ ಸ್ವತಂತ್ರವಾದ ತಂತ್ರಾಂಶಗಳಿಂದಲೇ ಆಗಿರುವುದೆಂದು ಮಾತು ಕೊಟ್ಟರು. ಆದರೆ ವೈಫೈ ಮುಂತಾದ ಅನೇಕ ಬಿಡಿಭಾಗಗಳು ಅವುಗಳ ತಯಾರಕರು ಮುಚ್ಚಿಟ್ಟ ಸಣ್ಣ ತಂತ್ರಾಂಶಗಳಿಲ್ಲದೆ ನಡೆಯುವುದಿಲ್ಲ. ವ್ರತಕ್ಕೆ ಕಟ್ಟುಬಿದ್ದು ಅವನ್ನು ದೂರವಿಟ್ಟರೆ ಹೊಸಬನ ಯಂತ್ರಕ್ಕೆ ಅಂತರ್ಜಾಲವೇ ಸಿಕ್ಕುವುದಿಲ್ಲ. ವರ್ಷಗಳ ಚರ್ಚೆಯ ನಂತರ 2022ರಲ್ಲಿ ಬಳಗದ ಸದಸ್ಯರು ಮತ ಹಾಕಿ, ಅಂಥವನ್ನು ಅನುಸ್ಥಾಪನೆಯ ಕಟ್ಟಿನಲ್ಲಿ ಸೇರಿಸಬಹುದೆಂದು ತೀರ್ಮಾನಿಸಿದರು. 2023ರ ಆವೃತ್ತಿಯಲ್ಲಿ ಹಾಗೆಯೇ ಮಾಡಿದರು. ಅವನ್ನು ಬೇರೆಯೇ ಗುರುತಿಸಿ ಇಟ್ಟರು, ಬೇಡವಾದವರು ಬಿಡುವುದಕ್ಕೂ ದಾರಿಯಿಟ್ಟರು. ಇದು ಸೋಲಲ್ಲವೆಂದು ನನಗೆ ತೋರುತ್ತದೆ. ರಾಜಿಯನ್ನು ರಾಜಿ ಎಂದು ಹೆಸರಿಟ್ಟು ಎಲ್ಲರೆದುರಿಗೆ ಮಾಡಿದರೆ ತತ್ತ್ವ ಸಾಯುವುದಿಲ್ಲ. ನಾನು ಇಪ್ಪತ್ತು ವರ್ಷ ಮಾಡಿದ್ದು ರಾಜಿಯಲ್ಲ. ಹೆಸರಿಡದೆ ಮುಚ್ಚಿಟ್ಟ ತಪ್ಪು.

ಇನ್ನೊಂದು ಮುಖವನ್ನು ತೋರಿಸಿದವರು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕರಾಗಿರುವ ನನ್ನ ಮಿತ್ರರು. ಫೋನಿನಲ್ಲಿ ನನ್ನ ತೊಳಲಾಟವನ್ನು ಕೇಳಿ ಅವರಿಗೆ ಆಶ್ಚರ್ಯವಾಯಿತು. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸೇ ಬಳಕೆಯಲ್ಲಿದೆ. 2017ರಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಗಿ ರೂಪುಗೊಂಡ ಏರ್ಪಾಡು ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ಹಂಚಿಕೆಯನ್ನು ಮಾಡಿಕೊಡುತ್ತದೆ. "ನಮ್ಮ ಮಕ್ಕಳಿಗೆ ಇದೊಂದು ಪ್ರಶ್ನೆಯೇ ಅಲ್ಲ ಮಾರಾಯ್ರೆ. ಅವರು ಕಂಡದ್ದೇ ಅದು" ಎಂದರು. ಆ ಮಕ್ಕಳು ಆರಿಸಲಿಲ್ಲ. ಅವರಿಗಾಗಿ ಇನ್ನೊಬ್ಬರು ಆರಿಸಿದರು. ನಾನೂ ಆರಿಸಿರಲಿಲ್ಲ, ಐನೂರು ರೂಪಾಯಿಯವನು ನನಗಾಗಿ ಆರಿಸಿದ್ದ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದರೆ ಅಲ್ಲಿ ಆರಿಸಿದವರು ಮೇಷ್ಟರಿಗೆ ತರಬೇತಿ ಕೊಟ್ಟರು, ಬಿಚ್ಚಿ ನೋಡುವ ಬಾಗಿಲನ್ನು ಮಗುವಿಗೆ ತೆರೆದಿಟ್ಟರು. ನನಗಾಗಿ ಆರಿಸಿದವನು ಒಂದು ಪೆಟ್ಟಿಗೆಯನ್ನು ಮುಚ್ಚಿ ಕೈಗಿಟ್ಟು ಹೋದ. ತಾನೇ ಆರಿಸಿದೆನೆಂಬ ಹೆಮ್ಮೆ ಅಷ್ಟು ದೊಡ್ಡದಲ್ಲ. ಆರಿಸಿಕೊಟ್ಟವರು ಆಮೇಲೆ ಜೊತೆಯಲ್ಲಿ ನಿಂತರೇ ಎಂಬುದೇ ಮುಖ್ಯ.

ಅಲ್ಲಿಗೆ ನನ್ನ ಆಯ್ಕೆ ತಾನಾಗಿಯೇ ಮುಗಿಯಿತು. ಎರಡು ಬೀದಿಯಾಚೆಯ ಹುಡುಗಿ ಬಳಸುವುದು ಲಿನಕ್ಸ್ ಮಿಂಟ್. ಅದು ಉಬುಂಟುವಿನಿಂದ, ಉಬುಂಟು ಡೆಬಿಯನ್ನಿನಿಂದ ಬಂದದ್ದು. ಗುರುಪರಂಪರೆಯಂತೆ ಒಂದು ಸಾಲು. ನಾಲ್ಕು ಜಿಬಿ ನೆನಪಿನ ನನ್ನ ಮುದಿ ಯಂತ್ರಕ್ಕೆ ಹೊಂದುವ ಹಗುರವಾದ ಎಕ್ಸ್‌ಎಫ್‌ಸಿಇ ರೂಪವೂ ಅದರಲ್ಲಿದೆ. ಆದರೆ ನಾನು ಅದನ್ನು ಆರಿಸಿದ್ದಕ್ಕೆ ನಿಜವಾದ ಕಾರಣ ಇವಾವುವೂ ಅಲ್ಲ. ಕೆಟ್ಟರೆ ಕೇಳುವುದಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಒಬ್ಬರಿದ್ದಾರೆ, ಅಷ್ಟೆ. ಅವಳು ಫೆಡೋರಾ ಬಳಸುತ್ತಿದ್ದರೆ ನಾನೂ ಅದನ್ನೇ ಹಾಕಿಸಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಬೆಳಗ್ಗೆ ಅವಳು ಪೆನ್ ಡ್ರೈವ್ ಹಿಡಿದು ಬಂದಳು. ನನ್ನಾಕೆ ಒಗ್ಗರಣೆ ಅವಲಕ್ಕಿ ಕೊಟ್ಟಳು. ಯಂತ್ರದೊಳಗಿನ ಯಾವುದನ್ನೂ ಅಳಿಸದೆ, ಪೆನ್ ಡ್ರೈವಿನಿಂದಲೇ ಇಡಿಯ ವ್ಯವಸ್ಥೆಯನ್ನು ನಡೆಸಿ ನೋಡಬಹುದೆಂದು ಆಗ ತಿಳಿಯಿತು. ಧ್ವನಿ ಬರುತ್ತದೆಯೇ, ವೈಫೈ ಸಿಕ್ಕುತ್ತದೆಯೇ, ಪ್ರೊಜೆಕ್ಟರಿಗೆ ಹೊಂದುತ್ತದೆಯೇ ಎಂದು ಒಂದು ವಾರ ನೋಡಿ, ಒಪ್ಪಿಗೆಯಾದರೆ ಮಾತ್ರ ಒಳಗೆ ಹಾಕಿದರಾಯಿತು. ಬಾಳಿನ ಬೇರೆ ಆಯ್ಕೆಗಳಿಗೆ ಇಂಥ ಅನುಕೂಲವಿಲ್ಲ! ಒಂದು ವಾರವಾದ ಮೇಲೆ ನನ್ನ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ತೆಗೆದಿಟ್ಟು, ಹಳೆಯದನ್ನು ಅಳಿಸಿ, ಹೊಸದನ್ನು ಹಾಕಿದೆವು. ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು.

ಎಲ್ಲವೂ ಸುಖವಾಗಿ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮನೆಯ ಪ್ರಿಂಟರು ಎರಡು ದಿನ ಮುನಿಸಿಕೊಂಡಿತು. ಬೇರೆಯವರು ಕಳಿಸಿದ ವರ್ಡ್ ಕಡತಗಳನ್ನು ಲಿಬ್ರೆ ಆಫೀಸಿನಲ್ಲಿ ತೆರೆದಾಗ ಪುಟಗಳ ಅಂಚು ಅಲ್ಲಲ್ಲಿ ಜಾರಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನನ್ನ ಹಳೆಯ ಬರಹಗಳನ್ನು ತೆರೆದಾಗ. ಹದಿನೈದು ಇಪ್ಪತ್ತು ವರ್ಷದ ಹಿಂದೆ, ಆ ಕಾಲದ ರೂಢಿಯಂತೆ, ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿದ ಫಾಂಟುಗಳಲ್ಲಿ ಟೈಪು ಮಾಡಿದ್ದುವು ಅವು. ಆ ಫಾಂಟಿಲ್ಲದ ಕಡೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡುವು. ಲೋಕದ ಎಲ್ಲ ಲಿಪಿಗಳಿಗೂ ಒಂದೇ ಗೊತ್ತಾದ ಸಂಕೇತವನ್ನು ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ನಾನು ಅದರ ಕಡೆ ನೋಡಿರಲಿಲ್ಲ. ನನ್ನವೇ ಬರಹಗಳು, ನನ್ನ ಕೈಯಲ್ಲಿರಲಿಲ್ಲ! "ಇದು ಯಾರದ್ದಪ್ಪಾ?" ಎಂಬ ಪ್ರಶ್ನೆ ಇಲ್ಲಿ ಇನ್ನೊಂದು ದಿಕ್ಕಿನಿಂದ ಬಂದು ಬಡಿಯಿತು. ಬದಲಾಯಿಸುವ ತಂತ್ರಾಂಶಗಳಿವೆ, ಒಂದೊಂದನ್ನೇ ಬದಲಾಯಿಸಿ ತಿದ್ದಿಕೊಂಡು ಕುಳಿತಿದ್ದೇನೆ. ಸಮಾಧಾನವೆಂದರೆ, ಕೆ. ಪಿ. ರಾವ್ ಅವರು ರೂಪಿಸಿದ, ನನ್ನ ಬೆರಳುಗಳಿಗೆ ಅಭ್ಯಾಸವಾಗಿದ್ದ ಕೀಲಿಮಣೆಯ ವಿನ್ಯಾಸ ಇಲ್ಲಿಯೂ ಸಿದ್ಧವಾಗಿಯೇ ಇತ್ತು. ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಫಾಂಟುಗಳೂ ಸಿಕ್ಕಿದುವು. ಯಾರೋ ನಮ್ಮವರು ನಮಗಾಗಿ ಮೊದಲೇ ಬಂದು ದೀಪ ಹಚ್ಚಿಟ್ಟು ಹೋದಂತಿತ್ತು.

ಮುಂದಿನ ತರಗತಿಯಲ್ಲಿ ಲ್ಯಾಪ್‌ಟಾಪನ್ನು ಜೋಡಿಸಿದಾಗ ಗೋಡೆಯ ಮೂಲೆ ಖಾಲಿಯಾಗಿತ್ತು. ಸುಮ್ಮನೆ ಪಾಠ ಮಾಡಿ ಬರಬಹುದಾಗಿತ್ತು. ಹಾಗೆ ಮಾಡಿದ್ದರೆ ಇನ್ನೊಂದು ಮುಚ್ಚುಮರೆಯಾಗುತ್ತಿತ್ತು. ಅಂದು ಮೂಲೆಯಲ್ಲಿದ್ದ ಸಾಲಿನ ಅರ್ಥವನ್ನು ಹೇಳಿದೆ. ನಾನು ಮಾಡಿದ್ದೂ ಅವರು ಮಾಡಿದ್ದೂ ಒಂದೇ ಜಾತಿಯ ತಪ್ಪೆಂದು ಹೇಳಿದೆ. ತರಗತಿ ಸದ್ದಿಲ್ಲದೆ ಕೇಳಿತು. ಆಗ ಅದೇ ಹುಡುಗ ಮತ್ತೆ ಎದ್ದ.

"ಸರ್, ಮೊದಲೂ ನೀವು ದುಡ್ಡು ಕೊಡಲಿಲ್ಲ, ಈಗಲೂ ಕೊಡಲಿಲ್ಲ. ಅದೂ ಬಿಟ್ಟಿ, ಇದೂ ಬಿಟ್ಟಿ. ವ್ಯತ್ಯಾಸ ಏನು ಸರ್?"

ಪಾಠ ಹೇಳುವವನಿಗೆ ಇಂಥ ಪ್ರಶ್ನೆ ವರ್ಷಕ್ಕೊಮ್ಮೆ ಸಿಕ್ಕಿದರೂ ಭಾಗ್ಯ. ನಾನು ಹೇಳಿದ್ದು ಇದು: ಬೇಲಿ ಹಾರಿ ಕಿತ್ತ ಮಾವಿನಹಣ್ಣೂ ತೋಟದವನು ಕರೆದು ಕೊಟ್ಟ ಹಣ್ಣೂ ನಾಲಗೆಗೆ ಒಂದೇ ರುಚಿ, ಜೇಬಿಗೂ ಒಂದೇ ಲೆಕ್ಕ. ಆದರೆ ಒಂದನ್ನು ತಿಂದವನು ತೋಟದವನ ಕಣ್ಣು ತಪ್ಪಿಸಿ ಓಡಾಡುತ್ತಾನೆ. ಇನ್ನೊಂದನ್ನು ತಿಂದವನು ಅವನ ಮನೆಗೆ ಹೋಗಿ ಬರುತ್ತಾನೆ. ವ್ಯತ್ಯಾಸ ಹಣ್ಣಿನಲ್ಲಿಲ್ಲ, ಹಣದಲ್ಲಿಲ್ಲ. ಇಬ್ಬರ ನಡುವಿನ ಸಂಬಂಧದಲ್ಲಿದೆ. 'ಬಿಟ್ಟಿ' ಎಂಬ ಮಾತು ಬಂದದ್ದು 'ವಿಷ್ಟಿ' ಎಂಬುದರಿ೦ದ. ಎಂದರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿದ ದುಡಿಮೆ. ನಾನು ಮೊದಲು ಬಳಸಿದ್ದು ನಿಜವಾಗಿಯೂ ಬಿಟ್ಟಿ. ದುಡಿದವನಿಗೆ ಇಷ್ಟವಿಲ್ಲದೆ ಅವನ ದುಡಿಮೆಯನ್ನು ತೆಗೆದುಕೊಂಡದ್ದು. ಈಗ ಬಳಸುತ್ತಿರುವುದು ದುಡಿದವನು ತಾನಾಗಿ ಕೊಟ್ಟದ್ದು. ಕೊಟ್ಟದ್ದನ್ನು ಪಡೆದವನ ಮೇಲೆ ಸಾಲವಿಲ್ಲ, ಋಣವಿದೆ.

ಹುಡುಗ ಒಪ್ಪಿದನೋ ಇಲ್ಲವೋ ತಿಳಿಯದು. "ಹಂಗಾದ್ರೆ ನೀವು ಏನು ಕೊಡ್ತೀರಿ ಸರ್?" ಎಂದಷ್ಟೇ ಕೇಳಿ ಕುಳಿತ.

ಆ ಪ್ರಶ್ನೆಗೆ ಅಂದು ಉತ್ತರವಿರಲಿಲ್ಲ. ಈಗ ಒಂದು ಸಣ್ಣ ಉತ್ತರವಿದೆ. ಈ ತಂತ್ರಾಂಶಗಳ ಪರದೆಯ ಮೇಲೆ ಬರುವ ಮಾತುಗಳನ್ನು ಸ್ವಯಂಸೇವಕರು ಬೇರೆಬೇರೆ ಭಾಷೆಗಳಿಗೆ ಅನುವಾದಿಸುತ್ತಾರೆ. ಕನ್ನಡದಲ್ಲಿ ಎಷ್ಟೋ ಮಾತುಗಳು ಅನುವಾದವಾಗದೆ ಉಳಿದಿವೆ. ಆದವುಗಳಲ್ಲಿ ಕೆಲವು ಎಡವಿವೆ. ಕ್ರಿಯಾಪದಗಳನ್ನು ತಿದ್ದುವುದು ನನಗೆ ಬರುವ ಏಕೈಕ ವಿದ್ಯೆ. ಭಾನುವಾರಗಳಲ್ಲಿ ಒಂದು ಗಂಟೆ ಆ ಕೆಲಸಕ್ಕೆ ಕೂರುತ್ತೇನೆ. ಮೊನ್ನೆ ಆ ಹುಡುಗನೂ ಬಂದು ಪಕ್ಕದಲ್ಲಿ ಕುಳಿತಿದ್ದ. ಒಂದು ಸಾಲಿಗೆ ಅವನು ಹೇಳಿದ ಮಾತು ನನ್ನದಕ್ಕಿಂತ ಉಚಿತವಾಗಿತ್ತು. ಅದನ್ನೇ ಹಾಕಿದೆವು.